ಬ್ಯಾಟಲ್‌ಟೆಕ್ (ಮೆಕ್ ಅನ್ನೋ ದೈತ್ಯ ಯುದ್ಧ ರೋಬೋಗಳ ಬೋರ್ಡ್ ಗೇಮ್) ಆಟದಲ್ಲಿ ಮೆಕ್‌ನ ಬಲಗೈಲಿ ಎಸಿ/20 (ದೊಡ್ಡ ಆಟೋಕ್ಯಾನನ್ ಗನ್) ಕೂರ್ತಿಲ್ಲ, ತೂಕ ಸರಿ ಇದೆಯಲ್ಲ ಅಂತ ನೀವು ಕೇಳಿದ್ದಕ್ಕೆ ಉತ್ತರ:
ತೂಕದ್ದಲ್ಲ, ಸ್ಲಾಟ್ ಪ್ರಾಬ್ಲಂ ಅದು. ಬ್ಯಾಟಲ್‌ಟೆಕ್ ಶೀಟಲ್ಲಿ ಕೈಗೆ 12 ಕ್ರಿಟಿಕಲ್ ಸ್ಲಾಟ್ (ಭಾಗಗಳನ್ನ ಕೂರಿಸೋ ಖಾನೆ), ಅದ್ರಲ್ಲಿ ಭುಜ, ಮೇಲ್ತೋಳು, ಕೆಳತೋಳು, ಹಸ್ತ ಅಂತ ನಾಲ್ಕು ಆಕ್ಚುಯೇಟರ್ (ಕೈ ಆಡಿಸೋ ಯಂತ್ರ), ಒಂದಕ್ಕೊಂದು ಸ್ಲಾಟ್‌ನಂತೆ ಆಗ್ಲೇ ಕೂತಿರುತ್ತೆ, ಉಳಿಯೋದು 8, ಎಸಿ/20ಗೆ ಬೇಕಿರೋದು 10, ಹಾಗಾಗಿ ನೀವು ಗನ್ನಿನ ತೂಕಕ್ಕೆ 14 ಟನ್ ಖಾಲಿ ಇಟ್ಕೊಂಡ್ರೂ ಹಿಡಿಸಲ್ಲ.

ಮೊದ್ಲು ಆ ಕೈಯ ಹಸ್ತ, ಕೆಳತೋಳು ಎರಡೂ ತೆಗೀರಿ, ಹಸ್ತ ಮಾತ್ರ ತೆಗೆದ್ರೆ 9 ಆಗಿ ಇನ್ನೂ ಒಂದು ಕಮ್ಮಿ ಬೀಳುತ್ತೆ. ಆ ಕೈಲಿ ಎಂಡೋ ಸ್ಟೀಲ್ (ಮೆಕ್‌ನ ಹಗುರ ಒಳಚೌಕಟ್ಟು) ಸ್ಲಾಟ್ ಇದ್ರೆ ಅದನ್ನೂ ಬೇರೆ ಕಡೆ ಸಾಗಿಸಿ. ಆಮೇಲೆ ಗನ್ ಹಾಕಿ. ಗುಂಡಿಗೆ ಕೈಲಿ ಜಾಗ ಉಳಿಯಲ್ಲ, ಬಲ ಟಾರ್ಸೋಗೆ (ಮುಂಡದ ಬಲಭಾಗಕ್ಕೆ) ಹಾಕಿ, ಟನ್ನಿಗೆ 5 ರೌಂಡ್ ಅಷ್ಟೇ ಬರೋದು ಅದಕ್ಕೆ 2 ಟನ್ನಾದ್ರೂ ಇರ್ಲಿ. ಗುದ್ದೋದು ವೀಕ್ ಆಗುತ್ತೆ, ಈ ಗನ್ ಇಟ್ಕೊಂಡು ಯಾರು ಗುದ್ದೋಕ್ ಹೋಗ್ತಾರೆ ಬಿಡಿ.

ಕೈ ಪೂರ್ತಿ ಬೇಕೇ ಬೇಕು ಅಂದ್ರೆ ಗನ್ನನ್ನ ಕೈಗೆ 8, ಬಲ ಟಾರ್ಸೋಗೆ 2 ಅಂತ ಹಂಚಬಹುದು, ಆದ್ರೆ ಆಗ ಟಾರ್ಸೋ ಆರ್ಕ್ (ಮುಂಡದಿಂದ ಗುರಿ ಇಡಬಹುದಾದ, ಕೈಗಿಂತ ಕಿರಿದಾದ ವ್ಯಾಪ್ತಿ) ಒಳಗೆ ಮಾತ್ರ ಹೊಡೆಯುತ್ತೆ. ಎಂಜಿನ್ ಯಾವ್ದು ಅಂತ ನೀವು ಬರ್ದಿಲ್ಲ, ಇನ್ನರ್ ಸ್ಫಿಯರ್ (ಆಟದ ಒಂದು ಬಣ) ಎಕ್ಸ್‌ಎಲ್, ಅಂದ್ರೆ ಹಗುರ ಆದ್ರೆ ಜಾಗ ಜಾಸ್ತಿ ಬೇಕಿರೋ ಎಂಜಿನ್ ಆಗಿದ್ರೆ ಎರಡೂ ಪಕ್ಕದ ಟಾರ್ಸೋಲಿ 3-3 ಸ್ಲಾಟ್ ತಿಂದಿರುತ್ತೆ, ಅದನ್ನ ಕಳೆದು ಲೆಕ್ಕ ಹಾಕ್ಕೊಳ್ಳಿ.