ಹತ್ತು ಪುಸ್ತಕದ ಪಟ್ಟಿ, ನಾಲ್ಕೂವರೆ ಪುಸ್ತಕದ ರಜೆ

"ಬೇಸಿಗೆ ರಜೆಯಲ್ಲಿ ಎಷ್ಟು ಪುಸ್ತಕ ಓದಿದಿರಿ? ಅವುಗಳಿಂದ ಏನು ಸಿಕ್ಕಿತು?" ಅಂತ ವಿದ್ಯಾರ್ಥಿಗಳನ್ನು ಕೇಳಿದ್ದೀರಿ. ನಾನು ಡಿಗ್ರಿ ಎರಡನೇ ವರ್ಷ. ಎಷ್ಟು ಅನ್ನುವುದಕ್ಕೆ ಉತ್ತರ ಸುಲಭ: ನಾಲ್ಕೂವರೆ. ಪಟ್ಟಿಯಲ್ಲಿ ಹತ್ತು ಇತ್ತು. ಏನು ಸಿಕ್ಕಿತು ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಯಾಕೆಂದರೆ ಮೊದಲ ವಾರ ನಾನು ಮಾಡಿದ್ದು ಓದೇ ಅಲ್ಲ.

ಪರೀಕ್ಷೆ ಮುಗಿದ ಮರುದಿನವೇ ಫೋನಿನಲ್ಲಿ ಪಟ್ಟಿ ಮಾಡಿದೆ. ಪ್ರತಿ ಹೆಸರಿನ ಮುಂದೆ ಟಿಕ್ ಹಾಕುವುದಕ್ಕೆ ಒಂದು ಚೌಕ. ಎಡವಟ್ಟಾಗಿದ್ದು ಅಲ್ಲೇ. ಖಾಲಿ ಚೌಕ ಕಣ್ಣಿಗೆ ಬೀಳುತ್ತಿದ್ದರೆ ಕೈ ಸುಮ್ನೆ ಇರುವುದಿಲ್ಲ. ಎಲ್ಲಕ್ಕಿಂತ ತೆಳ್ಳಗಿದ್ದ ಪುಸ್ತಕವನ್ನೇ ಮೊದಲು ಎತ್ತಿಕೊಂಡೆ: ಶಿವರಾಮ ಕಾರಂತರ 'ಚೋಮನ ದುಡಿ'. 1933ರ ಕಾದಂಬರಿ. ಮಧ್ಯಾಹ್ನ ಹಿಡಿದದ್ದು, ರಾತ್ರಿ ಮಲಗುವ ಹೊತ್ತಿಗೆ ಮುಗಿದಿತ್ತು. ಟಿಕ್.

ಎರಡು ದಿನ ಬಿಟ್ಟು ಗೆಳತಿಯೊಬ್ಬಳು, "ಚೋಮನಿಗೆ ಎಷ್ಟು ಮಕ್ಕಳು ಹೇಳು ನೋಡೋಣ" ಅಂದಳು. ಬೆಳ್ಳಿ ನೆನಪಿದ್ದಳು. ಒಬ್ಬ ಹುಡುಗ ನೀರುಪಾಲಾಗುತ್ತಾನೆ ಅನ್ನುವುದು ನೆನಪಿತ್ತು. ಉಳಿದವರ ಹೆಸರು ಬಾಯಿಗೇ ಬರಲಿಲ್ಲ. ಐವರು ಮಕ್ಕಳು, ಅದರಲ್ಲಿ ಇಬ್ಬರನ್ನು ಬಿಟ್ಟು ಮಿಕ್ಕವರು ಎರಡೇ ದಿನದಲ್ಲಿ ಮಾಯ! ಅವಳು ನಗಲಿಲ್ಲ, ಅದೇ ಜಾಸ್ತಿ ನಾಚಿಕೆಯಾಗಿದ್ದು.

ಆ ನಾಚಿಕೆಗೋ ಹಟಕ್ಕೋ, ಮುಂದಿನ ಪುಸ್ತಕ ಪಟ್ಟಿಯಲ್ಲೇ ದಪ್ಪದ್ದು ಆರಿಸಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 1967ರಲ್ಲಿ ಬಂದದ್ದು. ಹಳೇ ಬುದ್ಧಿ ಎಲ್ಲಿ ಹೋಗುತ್ತೆ? ದಿನಕ್ಕೆ ನಲವತ್ತು ಪುಟ ಅಂತ ಲೆಕ್ಕ ಹಾಕಿಕೊಂಡೇ ಕೂತೆ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಕತೆ ಆರಾಮಾಗಿ ಹೊರಡುತ್ತದೆ. ಮೂರನೇ ದಿನಕ್ಕೆ ನನ್ನ ತಲೆ ಕಲಸುಮೇಲೋಗರ. ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಸಿಂಬಾವಿ. ಯಾವ ಹೆಗ್ಗಡೆ ಯಾವ ಮನೆಯವರು, ಯಾರಿಗೆ ಯಾರು ಭಾವ, ಒಂದೂ ಹಿಡಿತಕ್ಕೆ ಸಿಗಲಿಲ್ಲ. ನಲವತ್ತು ಪುಟ ಆಗಿತ್ತು ನಿಜ. ಕಣ್ಣು ಮಾತ್ರ ಓಡಿತ್ತು, ನಾನು ಹಿಂದೆಲ್ಲೋ ಉಳಿದಿದ್ದೆ.

ಪುಸ್ತಕ ಮುಚ್ಚಿಡುವುದರಲ್ಲಿದ್ದೆ. ಅದಕ್ಕೂ ಮೊದಲು ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಮನೆಗಳನ್ನು ಬರೆದು ನೋಡೋಣ ಅನ್ನಿಸಿತು. ಒಂದೊಂದು ಮನೆಗೂ ಒಂದು ಚೌಕ (ಈ ಸಲ ಟಿಕ್ ಹಾಕುವುದಕ್ಕಲ್ಲ). ಒಳಗೆ ಆ ಮನೆಯವರ ಹೆಸರು. ಗುತ್ತಿ ಸಿಂಬಾವಿಯಲ್ಲಿ, ತಿಮ್ಮಿ ಬೆಟ್ಟಳ್ಳಿಯಲ್ಲಿ. ಮುಕುಂದಯ್ಯ ಕೋಣೂರಿನಲ್ಲಿ, ಚಿನ್ನಮ್ಮ ಹೂವಳ್ಳಿಯಲ್ಲಿ. ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ಹೊರಟರೆ ನಡುವೆ ಒಂದು ಗೆರೆ. ಹೀಗೆ ಮಾಡುವುದಕ್ಕೆ ಮೊದಲಿಂದ ಓದಬೇಕಾಯಿತು. ಆಗ ಗೊತ್ತಾಯಿತು, ಪುಸ್ತಕದ ತುಂಬಾ ಜನ ನಡೆಯುತ್ತಲೇ ಇರುತ್ತಾರೆ. ಕಾಡು ಹತ್ತಿ, ಹಳ್ಳ ದಾಟಿ, ನಡುವೆ ನಿಂತು ಯಾರನ್ನೋ ಮಾತಾಡಿಸಿ ಮತ್ತೆ ನಡೆಯುತ್ತಾರೆ. ನಾನೊಬ್ಬಳೇ ಬಸ್ಸಿನಲ್ಲಿ ಕೂತವಳ ಹಾಗೆ ಎಲ್ಲರನ್ನೂ ಹಿಂದೆ ಹಾಕಿಕೊಂಡು ಹೋಗುತ್ತಿದ್ದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ ಕುವೆಂಪು ಆರಂಭದಲ್ಲೇ ಓದುಗರಿಗೆ ಹೇಳಿಬಿಟ್ಟಿದ್ದಾರೆ. ಆ ಪುಟವನ್ನೂ ನಾನು ಹಾರಿಸಿದ್ದೆ!

ಆಮೇಲೆ ಪುಟದ ಲೆಕ್ಕ ಬಿಟ್ಟೆ. ಕೆಲವು ದಿನ ಅರವತ್ತು ಪುಟ ಹೋಯಿತು, ಕೆಲವು ದಿನ ಆರು. ಐತ, ಪೀಂಚಲು ಬಂದಾಗಲೆಲ್ಲ ಬೇಕಂತಲೇ ನಿಧಾನ ಮಾಡುತ್ತಿದ್ದೆ, ಆ ಜೋಡಿ ನನಗೆ ಅಷ್ಟು ಇಷ್ಟ. ಕೊನೆಯ ಹೊತ್ತಿಗೆ ಆ ಹಾಳೆಯಲ್ಲಿ ಗೆರೆಗಳು ಜೇಡರ ಬಲೆಯ ಹಾಗೆ ಆಗಿದ್ದವು. ತುಂಗಾ ಹೊಳೆಯ ಹತ್ತಿರ ಹುಲಿಯನಿಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಆ ರಾತ್ರಿ ಇನ್ನೇನೂ ಓದಲಿಲ್ಲ, ಅಷ್ಟೇ.

ಮೂರನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ', 1980ರದ್ದು. ಇದಕ್ಕೆ ನಕ್ಷೆ ಬೇಕಾಗಲಿಲ್ಲ, ನಗುತ್ತಾ ಓದಿಸಿಕೊಂಡು ಹೋಗುತ್ತದೆ. ಹಾರುವ ಓತಿಯನ್ನು ಹುಡುಕುವ ಕತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮನಸ್ಸಿನಲ್ಲಿ ಉಳಿದವನು ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೋಗೆ ಮಾತ್ರ ಅವನೇ ಬೇಕು. ಯಾಕೆಂದರೆ ಬೇರೆಯವರು ನೋಡದೆ ದಾಟಿಹೋಗುವುದು ಇವನ ಕಣ್ಣಿಗೆ ಬೀಳುತ್ತದೆ. ಮಕ್ಕಳ ಹೆಸರು ಮರೆತು ಬೈಸಿಕೊಂಡಂತೆ ಇದ್ದ ನನಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ನಾಲ್ಕನೆಯದು ಆನ್ ಫ್ರಾಂಕ್ ಡೈರಿ, ಇಂಗ್ಲಿಷಿನಲ್ಲಿ ಓದಿದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ನಾಜಿಗಳಿಗೆ ಹೆದರಿ 1942ರ ಜುಲೈನಿಂದ 1944ರ ಆಗಸ್ಟ್ ತನಕ ಎಂಟು ಜನ ಅಡಗಿದ್ದ ಕತೆ ಶಾಲೆಯಲ್ಲೇ ಗೊತ್ತಿತ್ತು. ಕೊನೆ ಗೊತ್ತಿದ್ದೂ ಓದುವುದು ಕಷ್ಟ. ಅಮ್ಮನ ಜೊತೆ ಅವಳ ಜಗಳ ಓದಿ ನಗು ಬರುತ್ತದೆ, ಮರುಕ್ಷಣ ಮೇಲಿರುವ ತಾರೀಖು ನೋಡಿ ನಗು ನಿಲ್ಲುತ್ತದೆ. ಆದರೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಮುನ್ನುಡಿಯಲ್ಲಿ ಸಿಕ್ಕಿತು. ಯುದ್ಧದ ಕಾಲದ ಡೈರಿ, ಪತ್ರಗಳನ್ನು ಜೋಪಾನ ಮಾಡಬೇಕು ಅಂತ 1944ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಡಚ್ ಮಂತ್ರಿಯೊಬ್ಬರು ಹೇಳಿದ್ದನ್ನು ಅವಳು ಕೇಳಿಸಿಕೊಂಡಳು. ಅದಾದ ಮೇಲೆ ತನ್ನ ಡೈರಿಯನ್ನೇ ತಿದ್ದಿ, ಬಿಡಿ ಹಾಳೆಗಳಲ್ಲಿ ಮತ್ತೆ ಬರೆಯಲು ಶುರುಮಾಡಿದಳು. ಡೈರಿ ಅಂದರೆ ಮನಸ್ಸಿಗೆ ಬಂದದ್ದನ್ನು ಒಮ್ಮೆ ಗೀಚಿ ಮುಚ್ಚಿಡುವುದು ಅಂದುಕೊಂಡಿದ್ದೆ. ಅಡಗಿ ಕೂತ ಹದಿನಾಲ್ಕು ವರ್ಷದ ಹುಡುಗಿ ತನ್ನ ಹಳೇ ವಾಕ್ಯ ಸರಿಯಿಲ್ಲ ಅಂತ ಬದಲಾಯಿಸುತ್ತಾ ಕೂತಿದ್ದಳು! ನಾನು ಅಸೈನ್‌ಮೆಂಟನ್ನು ಒಂದು ಸಲವೂ ತಿರುಗಿ ಓದದೆ ಕೊಟ್ಟು ಬರುವವಳು.

ರಜೆ ಮುಗಿಯಲು ಮೂರು ದಿನ ಇದ್ದಾಗ 'ಚೋಮನ ದುಡಿ' ಮತ್ತೆ ತೆಗೆದೆ. ಈ ಸಲ ಎರಡೂವರೆ ದಿನ ಹಿಡಿಯಿತು. ಮೊದಲ ಓದಿನಲ್ಲಿ ಚೋಮ ನನಗೆ ಪರೀಕ್ಷೆಯ ಐದು ಅಂಕದ ಉತ್ತರದ ಹಾಗೆ ಕಂಡಿದ್ದ: ಬಡವ, ಶೋಷಿತ, ಪಾಪ. ಈಗ ಕಂಡದ್ದು ಬೇರೆ ಮನುಷ್ಯ. ಕುಡಿಯುತ್ತಾನೆ, ಸಿಟ್ಟಾಗುತ್ತಾನೆ, ದುಡಿ ಬಾರಿಸುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಎತ್ತುಗಳಿವೆ, ಉಳುವುದಕ್ಕೆ ಒಂದು ತುಂಡು ನೆಲ ಇಲ್ಲ. ಆ ಎತ್ತುಗಳನ್ನು ಮೊದಲ ಸಲ ನಾನು ಗಮನಿಸಿಯೇ ಇರಲಿಲ್ಲ. ನೀಲ ಮುಳುಗುವ ಜಾಗದಲ್ಲಂತೂ ಪುಸ್ತಕ ಕೆಳಗಿಟ್ಟೆ. ಜನ ಇದ್ದಾರೆ, ಮುಟ್ಟಿದರೆ ಮೈಲಿಗೆ ಅಂತ ಯಾರೂ ನೀರಿಗೆ ಇಳಿಯುವುದಿಲ್ಲ. ಇದನ್ನು ಓದಿಯೂ ಅವತ್ತು ಆರಾಮಾಗಿ ಟಿಕ್ ಹಾಕಿ ಮಲಗಿದ್ದೆನಲ್ಲ!

ಚನಿಯ, ಗುರುವ, ಬೆಳ್ಳಿ, ಕಾಳ, ನೀಲ. ಗೆಳತಿಗೆ ಮೆಸೇಜ್ ಮಾಡಿದೆ. "ಈಗ ಯಾಕೆ?" ಅಂತ ಕೇಳಿದಳು.

ಉಳಿದ ಅರ್ಧ ಪುಸ್ತಕ ಯಾವುದು ಅಂತ ಕೇಳುತ್ತೀರಿ ಅಲ್ವಾ? ಸಮಯ ಉಳಿಸುವುದು ಹೇಗೆ ಅಂತ ಹೇಳಿಕೊಡುವ ಒಂದು ಪುಸ್ತಕ. ಹೆಸರು ಬೇಡ. ಅರ್ಧಕ್ಕೇ ಬಿಟ್ಟು ಸಮಯ ಉಳಿಸಿದೆ.