“ಮನೆಯಲ್ಲಿ ಮಾತ್ರ ಮಾಡ್ತಾನೆ, ಬೇಕಂತಲೇ ಅಲ್ವಾ ಮೇಡಂ?”

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಮಗನಿಗೆ ಒಂಬತ್ತು ವರ್ಷ. ತಾಯಿ ಮೊದಲ ಸಲ ಒಬ್ಬರೇ ಬಂದಿದ್ದರು. ಕೈಯಲ್ಲಿ ಒಂದು ದಪ್ಪ ಫೈಲು, ಒಂದು ನೋಟ್‌ಬುಕ್ಕು. ಫೈಲಿನಲ್ಲಿ ಕಣ್ಣಿನ ಡಾಕ್ಟರ ಚೀಟಿ, ಅಲರ್ಜಿ ಮಾತ್ರೆಯ ಚೀಟಿ, ರಕ್ತ ಪರೀಕ್ಷೆಯ ರಿಪೋರ್ಟುಗಳು. ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಕಾಲಂಗಳು: ತಾರೀಕು, ಏನು ತಿಂದ, ಎಷ್ಟು ಹೊತ್ತು ಟಿವಿ ನೋಡಿದ, ಕಣ್ಣು ಎಷ್ಟು ಸಲ, ಕತ್ತು ಎಷ್ಟು ಸಲ, ಗಂಟಲು ಎಷ್ಟು ಸಲ.

ಆರು ವರ್ಷವಿದ್ದಾಗ ಕಣ್ಣು ಮಿಟುಕಿಸಲು ಶುರು ಮಾಡಿದ್ದ. ಕಣ್ಣಲ್ಲಿ ಏನೂ ತೊಂದರೆಯಿಲ್ಲ ಎಂದರು. ಕೆಲವು ತಿಂಗಳಲ್ಲಿ ಅದು ತಾನಾಗಿಯೇ ಹೋಯಿತು. ಆಮೇಲೆ ಮೂಗು ಮುರಿಯುವುದು ಬಂತು, ಅದಾದ ಮೇಲೆ ಕತ್ತು ಕೊಂಕಿಸುವುದು. ಈಚೆಗೆ ಗಂಟಲಿನಿಂದ ‘ಹ್ಞುಂ, ಹ್ಞುಂ’ ಎಂಬ ಸದ್ದು. ಮಕ್ಕಳ ನರರೋಗ ತಜ್ಞರು ನೋಡಿ ಟುರೆಟ್ ಸಿಂಡ್ರೋಮ್ ಎಂದು ಬರೆದಿದ್ದರು. ಆ ಹೆಸರು ಕೇಳಿಯೇ ತಾಯಿಗೆ ನಿದ್ದೆ ಹಾರಿಹೋಗಿತ್ತು.

ಹೆಸರು ದೊಡ್ಡದು, ಅರ್ಥ ಸರಳ. ತಾನಾಗಿ ಮತ್ತೆ ಮತ್ತೆ ಬರುವ ಇಂಥ ದಿಢೀರ್ ಚಲನೆ, ಸದ್ದುಗಳಿಗೆ ಟಿಕ್ಸ್ ಎನ್ನುತ್ತಾರೆ. ದೇಹ ಅಲುಗುವ ಟಿಕ್ಸ್ ಒಂದಕ್ಕಿಂತ ಜಾಸ್ತಿ, ಸದ್ದಿನ ಟಿಕ್ ಕನಿಷ್ಠ ಒಂದು, 18 ವರ್ಷಕ್ಕೆ ಮೊದಲೇ ಶುರುವಾಗಿ ವರ್ಷ ದಾಟಿರಬೇಕು. ಅಷ್ಟೇ. 1885ರಲ್ಲಿ ಇದನ್ನು ವಿವರಿಸಿ ಬರೆದ ಫ್ರೆಂಚ್ ವೈದ್ಯ ಜಿಲ್ ಡಿ ಲ ಟುರೆಟ್ ಹೆಸರೇ ಉಳಿದುಕೊಂಡಿದೆ. ಸಿನಿಮಾಗಳಲ್ಲಿ ತೋರಿಸುವ ಹಾಗೆ ಎಲ್ಲರೂ ಕೆಟ್ಟ ಮಾತು ಕೂಗುವುದಿಲ್ಲ. ಅದು ಕೆಲವರಲ್ಲಿ ಮಾತ್ರ ಕಾಣುತ್ತದೆ.

“ಕಾರಣ ಏನು ಮೇಡಂ? ನಾನು ಜಾಸ್ತಿ ಬೈದದ್ದಕ್ಕಾ?” ಇದು ಅವರ ಮೊದಲ ಪ್ರಶ್ನೆ. ಅಲ್ಲ ಎಂದೆ. ಬೈಗುಳದಿಂದ, ಟಿವಿಯಿಂದ, ಯಾರನ್ನೋ ನೋಡಿ ಕಲಿತದ್ದರಿಂದ ಬರುವ ಕಾಯಿಲೆ ಇದಲ್ಲ. ಚಲನೆಗಳನ್ನು ಹಿಡಿತದಲ್ಲಿಡುವ ಮೆದುಳಿನ ಒಳಭಾಗ ಮತ್ತು ಮೇಲ್ಪದರಗಳ ನಡುವಿನ ಸಂಪರ್ಕ ಇಂಥ ಮಕ್ಕಳಲ್ಲಿ ಸ್ವಲ್ಪ ಬೇರೆ ರೀತಿ ಕೆಲಸ ಮಾಡುತ್ತದೆ. ವಂಶವಾಹಿಯ ಪಾತ್ರವೂ ದೊಡ್ಡದು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದೆ. ಇಲ್ಲ ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಮ್ಮನೆಯವರು ಪೇಪರ್ ಓದುವಾಗ ಮೂಗು ಎಳೀತಾನೇ ಇರ್ತಾರೆ. ಅದು ಮೊದಲಿಂದಲೂ ಹಾಗೇ. ಅದು ಇದಲ್ಲ ಅಲ್ವಾ?” ಎಂದರು. ನಾನು ನಕ್ಕೆ, ಅವರೂ ನಕ್ಕರು. ಮನೆಯಲ್ಲಿ ಮಗನಿಗೆ ಜಾಸ್ತಿ ಗದರುವವರೂ ಅವರೇ ಅಂತೆ.

ಎರಡನೆಯದು ನಿಜವಾಗಿ ದೂರು. ಶಾಲೆಯಲ್ಲಿ ಅಷ್ಟಾಗಿ ಮಾಡುವುದಿಲ್ಲ, ಮನೆಗೆ ಬಂದು ಬ್ಯಾಗ್ ಇಟ್ಟ ಕೂಡಲೇ ಶುರು. ಅಂದರೆ ಬೇಕಂತಲೇ ಮಾಡ್ತಾನೆ. ಬಹಳಷ್ಟು ಪೋಷಕರು ಎಡವುವುದು ಇಲ್ಲೇ. ಟಿಕ್ಸನ್ನು ಸ್ವಲ್ಪ ಹೊತ್ತು ತಡೆಹಿಡಿಯಬಹುದು, ಹಾಗಂತ ಅದು ಬೇಕಂತ ಮಾಡಿದ್ದಾಗುವುದಿಲ್ಲ. ಹುಡುಗ ಬಂದಾಗ ಅವನನ್ನೇ ಕೇಳಿದೆ. “ಕತ್ತೊಳಗೆ ಇರುವೆ ಹರಿದ ಹಾಗೆ ಆಗುತ್ತೆ. ಹೀಗೆ ಮಾಡಿದ್ರೆ ಹೋಗುತ್ತೆ. ಆಮೇಲೆ ಮತ್ತೆ ಬರುತ್ತೆ,” ಎಂದ. ತಾಯಿ ಇದನ್ನು ಕೇಳಿದ್ದು ಅದೇ ಮೊದಲು. ಕ್ಲಾಸಿನಲ್ಲಿ ಏನು ಮಾಡ್ತೀಯ ಎಂದೆ. “ಹಲ್ಲು ಕಚ್ಚಿಕೊಂಡು ಕೂತಿರ್ತೀನಿ. ಮಿಸ್ ಹೇಳಿದ್ದು ಅರ್ಧ ಕೇಳಿಸಲ್ಲ.”

ಇನ್ನೊಂದು ವಿಷಯ ನಾನು ಗಮನಿಸಿದೆ. ಅವನು ಕತ್ತು ಕೊಂಕಿಸಿದಾಗಲೆಲ್ಲ ಮೊದಲು ತಾಯಿಯ ಮುಖ ನೋಡುತ್ತಿದ್ದ. ತಾಯಿಯ ಕೈ ತಾನಾಗಿ ನೋಟ್‌ಬುಕ್ಕಿನ ಕಡೆ ಹೋಗುತ್ತಿತ್ತು. ಟಿಕ್ಸ್ ಬಗ್ಗೆ ಮಾತಾಡಿದರೆ, ದಿಟ್ಟಿಸಿದರೆ ಅವು ಜಾಸ್ತಿಯಾಗುತ್ತವೆ. ಸುಸ್ತು, ಆತಂಕ, ಅತಿಯಾದ ಖುಷಿಯೂ ಹಾಗೇ ಮಾಡುತ್ತವೆ. ಮನಸ್ಸಿಟ್ಟು ಏನಾದರೂ ಕೆಲಸ ಮಾಡುವಾಗ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಇದರ ಮೇಲೆ ಅವು ತಾವಾಗಿಯೇ ಏರಿ ಇಳಿಯುತ್ತವೆ. ಆದ್ದರಿಂದಲೇ ಆ ತಿಂಡಿ ಬಿಡಿಸಿದೆವು ಕಡಿಮೆ ಆಯ್ತು, ಈ ಸಿರಪ್ ಕೊಟ್ಟೆವು ನಿಂತು ಹೋಯ್ತು ಅಂತ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಇಳಿಯುವ ಸಮಯವೇ ಆಗಿರುತ್ತದೆ. ಎಣಿಸುವುದನ್ನು ಪೂರ್ತಿ ನಿಲ್ಲಿಸಿ ಎಂದೆ. “ಮಾಡ್ಬೇಡ” ಎನ್ನುವುದನ್ನೂ ಬಿಡಿ. ಬರೆಯಲೇಬೇಕು ಅನ್ನಿಸಿದರೆ ಅವನಿಗೆ ನೋವಾದ ದಿನ, ಯಾರಾದರೂ ಅಣಕಿಸಿದ ದಿನ, ಆಟ ಬಿಟ್ಟು ಬಂದ ದಿನ ಬರೆಯಿರಿ. ನನಗೆ ಉಪಯೋಗಕ್ಕೆ ಬರುವುದು ಅದು.

ಚಿಕಿತ್ಸೆ ಬೇಕೇ ಬೇಡವೇ ಎನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಎಷ್ಟು ಸಲ ಬರುತ್ತದೆ ಎನ್ನುವುದು ಮುಖ್ಯವಲ್ಲ, ಮಗುವಿಗೆ ತೊಂದರೆ ಇದೆಯೇ ಎನ್ನುವುದು ಮುಖ್ಯ. ಈ ಹುಡುಗನಿಗೆ ಕಣ್ಣು, ಮೂಗಿನ ಚಿಂತೆಯೇ ಇರಲಿಲ್ಲ. ಕತ್ತು ನೋಯುತ್ತಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು. ಮೊದಲು ಆ ‘ಇರುವೆ’ ಬರುವ ಕ್ಷಣವನ್ನು ಗುರುತಿಸುವುದು. ಅದು ಬಂದ ಕೂಡಲೇ ಗಲ್ಲವನ್ನು ಸ್ವಲ್ಪ ಕೆಳಗೆ ತಂದು, ಕತ್ತಿನ ಸ್ನಾಯುಗಳನ್ನು ಮೆಲ್ಲಗೆ ಬಿಗಿ ಹಿಡಿದು, ಉಸಿರಾಡುತ್ತಾ ಒಂದು ನಿಮಿಷ ಅಥವಾ ಆ ಅನಿಸಿಕೆ ಹೋಗುವವರೆಗೆ ಹಾಗೇ ಇರುವುದು. ಗಂಟಲಿನ ಸದ್ದಿಗೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನ ಉಸಿರಾಟ. ಹಲ್ಲು ಕಚ್ಚಿ ತಡೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಆ ಚಲನೆಯ ಜಾಗದಲ್ಲಿ ಬೇರೊಂದನ್ನು ತಂದು ಕೂರಿಸುವುದು ಇದು. ಈ ತರಬೇತಿಗೆ ಸಿಬಿಐಟಿ (ಟಿಕ್ಸ್‌ಗಾಗಿ ಇರುವ ಸಮಗ್ರ ವರ್ತನಾ ಚಿಕಿತ್ಸೆ) ಎನ್ನುತ್ತಾರೆ. 2010ರಲ್ಲಿ ಪ್ರಕಟವಾದ, 126 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಇದನ್ನು ಕಲಿತವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಒಳ್ಳೆಯ ಸುಧಾರಣೆ ಕಂಡಿತ್ತು. ಬರೀ ಮಾಹಿತಿ, ಧೈರ್ಯ ಪಡೆದವರಲ್ಲಿ ಅದು ಐದರಲ್ಲಿ ಒಬ್ಬರಿಗೂ ಮುಟ್ಟಲಿಲ್ಲ. ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಟೀಚರಿಗೆ ಒಂದು ಚೀಟಿ ಬರೆದುಕೊಟ್ಟೆ. ಸದ್ದು ಮಾಡಿದರೆ ಗಮನಿಸದಂತೆ ಇರಿ, ಜಾಸ್ತಿಯಾದಾಗ ಎರಡು ನಿಮಿಷ ಹೊರಗೆ ಹೋಗಿ ಬರಲು ಬಿಡಿ, ಪರೀಕ್ಷೆಗೆ ಸ್ವಲ್ಪ ಹೆಚ್ಚು ಸಮಯ ಕೊಡಿ. ತಂದೆಯನ್ನೂ ಒಮ್ಮೆ ಕರೆಸಿದೆ. ಬಂದರು. ಮಾತು ಕಡಿಮೆ, ಮೂಗು ಎಳೆದದ್ದೇ ಜಾಸ್ತಿ. ಆದರೆ ಆಮೇಲೆ ಗದರುವುದು ನಿಂತಿತು ಎಂದು ಹುಡುಗನೇ ಹೇಳಿದ.

ಮಾತ್ರೆ ಬೇಡವೇ ಎಂದು ತಾಯಿ ಮತ್ತೆ ಮತ್ತೆ ಕೇಳಿದರು. ಮಾತ್ರೆಗಳಿವೆ. ಕ್ಲೋನಿಡಿನ್‌ನಿಂದ ಮಂಪರು ಬರಬಹುದು, ರಕ್ತದೊತ್ತಡ ಇಳಿಯಬಹುದು. ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥವುಗಳಿಂದ ತೂಕ ಏರಬಹುದು. ಟಿಕ್ಸ್‌ನಿಂದ ಗಾಯ, ನೋವು, ಶಾಲೆಗೆ ಹೋಗಲಾರದ ಸ್ಥಿತಿ ಇದ್ದರೆ ತಜ್ಞರು ಅವನ್ನು ಯೋಚಿಸುತ್ತಾರೆ. ಸುಮ್ನೆ ಪಕ್ಕದ ಮನೆಯವರ ಚೀಟಿ ನೋಡಿ ತರುವಂಥದ್ದಲ್ಲ. ರಾತ್ರೋರಾತ್ರಿ ತೀವ್ರವಾಗಿ ಶುರುವಾದರೆ, ಊಟ ಬಿಟ್ಟರೆ, ಟಿಕ್ ಬಂದಾಗ ಕರೆದರೂ ಅರಿವಿಲ್ಲದಂತಿದ್ದರೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಇವನಲ್ಲಿ ಅಂಥದ್ದೇನೂ ಇರಲಿಲ್ಲ. ಹತ್ತರಿಂದ ಹನ್ನೆರಡು ವರ್ಷದ ಹೊತ್ತಿಗೆ ಟಿಕ್ಸ್ ಇನ್ನೂ ಏರಬಹುದು, ಆಮೇಲೆ ಹೆಚ್ಚಿನವರಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳಿಟ್ಟೆ.

ಈಗ ಕತ್ತಿನ ನೋವು ಕಡಿಮೆಯಾಗಿದೆ, ಭುಜ ಕುಣಿಸುವುದೊಂದು ಹೊಸದಾಗಿ ಬಂದಿದೆ. ಅದರಿಂದ ತೊಂದರೆಯಿಲ್ಲ ಎನ್ನುತ್ತಾನೆ. ಆದರೆ ಓದಲು ಕೂತರೆ ಐದು ನಿಮಿಷ ಗಮನ ನಿಲ್ಲುವುದಿಲ್ಲ, ಪುಸ್ತಕ ಕಳೆದುಕೊಳ್ಳುತ್ತಾನೆ. ಟಿಕ್ಸ್ ಇರುವ ಮಕ್ಕಳಲ್ಲಿ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ), ಒಸಿಡಿ (ಬೇಡವೆಂದರೂ ಬರುವ ಯೋಚನೆ, ಮಾಡಿದ್ದನ್ನೇ ಮಾಡುವ ಗೀಳು) ಜೊತೆಗಿರುವುದು ಸಾಮಾನ್ಯ. ಎಷ್ಟೋ ಸಲ ಟಿಕ್ಸ್‌ಗಿಂತ ಅವೇ ಜಾಸ್ತಿ ಕಾಡುತ್ತವೆ. ಅದಕ್ಕೆ ಅವನನ್ನು ಮಕ್ಕಳ ಮನೋವೈದ್ಯರ ಹತ್ತಿರ ಕಳಿಸಿದ್ದೇನೆ. ಅವರು ಏನು ಹೇಳುತ್ತಾರೆ ನೋಡಿ ಮುಂದಿನದು.