ಛಾಯಾಗ್ರಹಣ ಪ್ರಶ್ನೋತ್ತರ: ಚೌಕಿಯಲ್ಲಿ ವೈಡ್ ಆ್ಯಂಗಲ್ ಲೆನ್ಸ್

ಪ್ರಶ್ನೆ: ಯಕ್ಷಗಾನದ ಚೌಕಿ (ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗ) ಇಕ್ಕಟ್ಟಾಗಿರುವುದರಿಂದ ನನ್ನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 10–20 ಮಿ.ಮೀ. ಲೆನ್ಸ್ ಬಳಸುತ್ತೇನೆ. ಚಿತ್ರದ ಅಂಚಿನಲ್ಲಿ ಕುಳಿತ ಕಲಾವಿದರ ಮುಖ ಅಡ್ಡಕ್ಕೆ ಹಿಗ್ಗುತ್ತದೆ. ಕಂಪ್ಯೂಟರಿನಲ್ಲಿ ಲೆನ್ಸ್ ಪ್ರೊಫೈಲ್ (ಆಯಾ ಲೆನ್ಸಿನ ದೋಷಗಳನ್ನು ತಿದ್ದುವ ತಂತ್ರಾಂಶದ ಸೌಲಭ್ಯ) ಹಾಕಿದರೂ ಸರಿಹೋಗುವುದಿಲ್ಲ. ಇದು ಲೆನ್ಸಿನ ದೋಷವೇ? ಇದನ್ನೇ ಚಿತ್ರದ ಗುಣವಾಗಿ ಬಳಸುವುದು ಹೇಗೆ?
– ಓದುಗರು, ಕುಂಬಳೆ

ಉತ್ತರ: ದೋಷವಲ್ಲ. ಚಾವಣಿಯ ಪಕಾಸು, ಬಾಗಿಲ ಚೌಕಟ್ಟು ಮೊದಲಾದ ನೇರ ಗೆರೆಗಳು ಅಂಚಿನಲ್ಲಿ ಹೊರಕ್ಕೆ ಉಬ್ಬುವುದು ಬ್ಯಾರೆಲ್ ಡಿಸ್ಟಾರ್ಷನ್. ಆಕಾರದ ಮಟ್ಟಿಗೆ ಪ್ರೊಫೈಲ್ ಸರಿಪಡಿಸುವುದು ಅದನ್ನು ಮಾತ್ರ. ಮುಖ ಹಿಗ್ಗುವುದಕ್ಕೆ ಕಾರಣ ಬೇರೆ. ಅಷ್ಟು ವಿಶಾಲವಾದ ನೋಟವನ್ನು ಚಪ್ಪಟೆಯಾದ ಚಿತ್ರಕ್ಕೆ ಇಳಿಸುವಾಗ ಗೆರೆಗಳನ್ನು ನೆಟ್ಟಗೆ ಉಳಿಸಬೇಕಾದರೆ ಅಂಚಿನ ಆಕಾರಗಳು ಎಳೆದಂತಾಗಲೇಬೇಕು. ನಿಮ್ಮ ಲೆನ್ಸಿನ 10 ಮಿ.ಮೀ. ನೋಟ ಫುಲ್ ಫ್ರೇಮಿನ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) 15 ಮಿ.ಮೀ.ಗೆ, ಅಂದರೆ ಅಡ್ಡಕ್ಕೆ ಸುಮಾರು 100 ಡಿಗ್ರಿಗೆ ಸಮ. ಅಲ್ಲಿ ಎಡ ಅಥವಾ ಬಲ ಅಂಚಿಗೆ ತಾಗಿಕೊಂಡಿರುವ ಚೆಂಡು ಎತ್ತರಕ್ಕಿಂತ ಒಂದೂವರೆ ಪಟ್ಟು ಅಗಲವಾಗಿ ಮೂಡುತ್ತದೆ. ಮನುಷ್ಯರ ಮುಖಕ್ಕೂ ಅದೇ ಗತಿ.

ಇದರ ಜೊತೆಗೆ ಅಂತರದ ಪರಿಣಾಮವೂ ಸೇರುತ್ತದೆ. ಲೆನ್ಸಿನಿಂದ 30 ಸೆಂ.ಮೀ. ದೂರದಲ್ಲಿ ಕೈಯೂ 90 ಸೆಂ.ಮೀ. ದೂರದಲ್ಲಿ ಮುಖವೂ ಇದ್ದರೆ, ಮುಖಕ್ಕೆ ಹೋಲಿಸಿದಾಗ ಕೈ ತನ್ನ ಸಹಜ ಪ್ರಮಾಣದ ಮೂರು ಪಟ್ಟು ಕಾಣುತ್ತದೆ. ಇದನ್ನು ನಿರ್ಧರಿಸುವುದು ನೀವು ನಿಂತ ಜಾಗವೇ ಹೊರತು ಲೆನ್ಸ್ ಅಲ್ಲ. ಅಷ್ಟು ಹತ್ತಿರದಿಂದ ಎರಡನ್ನೂ ಒಂದೇ ಚಿತ್ರದೊಳಗೆ ತರುವುದಷ್ಟೇ ವೈಡ್ ಆ್ಯಂಗಲಿನ ಕೆಲಸ.

ಹಾಗಾದರೆ ಯಾರನ್ನು ಹಿಗ್ಗಿಸಬಹುದು? ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣ ಶೈಲಿಯ) ಬಣ್ಣದ ವೇಷವನ್ನು, ಅಂದರೆ ರಾಕ್ಷಸ ಪಾತ್ರಗಳನ್ನು, ಧಾರಾಳವಾಗಿ ಹಿಗ್ಗಿಸಬಹುದು ಎಂಬುದು ನನ್ನ ಅಭಿಪ್ರಾಯ. ಮುಖದ ಮೇಲೆ ಉಬ್ಬಿ ನಿಲ್ಲುವಂತೆ ಇಡುವ ಅಕ್ಕಿಹಿಟ್ಟು ಮತ್ತು ಸುಣ್ಣದ ಚುಟ್ಟಿ, ದೊಡ್ಡ ಕಿರೀಟ, ದಪ್ಪ ರೇಖೆಗಳು ಇವೆಲ್ಲ ಮನುಷ್ಯನ ಅಳತೆಯನ್ನು ಮೀರುವುದಕ್ಕೆಂದೇ ಇರುವುದರಿಂದ, ಲೆನ್ಸ್ ಮಾಡುವ ಅತಿಶಯ ಅಲ್ಲಿ ವೇಷದ ಉದ್ದೇಶವನ್ನೇ ಮುಂದುವರಿಸುತ್ತದೆ. ಕ್ಯಾಮೆರಾವನ್ನು ಲಂಬವಾಗಿ, ಎದೆಗಿಂತ ಕೆಳಮಟ್ಟದಲ್ಲಿ ಹಿಡಿದು, ಮುಖವನ್ನು ನಡುವೆ ಇಟ್ಟು ಕಿರೀಟವನ್ನು ಮೇಲಂಚಿಗೆ ಬಿಡಿ. ಅದು ಮೇಲ್ಮುಖವಾಗಿ ಎಳೆದುಕೊಂಡು ಇನ್ನೂ ಎತ್ತರವಾಗುತ್ತದೆ. ಸ್ತ್ರೀವೇಷಕ್ಕೆ ಇದು ಸಲ್ಲದು. ಅಲ್ಲಿ ಮುಖವನ್ನು ನಡುಭಾಗದಲ್ಲೇ ಉಳಿಸಿ, ಅಂಚುಗಳಿಗೆ ವೇಷದ ಪೆಟ್ಟಿಗೆ, ತೂಗುಹಾಕಿದ ಬಟ್ಟೆಗಳು ಬರುವಂತೆ ನೋಡಿಕೊಳ್ಳಿ. ಅವು ಎಷ್ಟು ಎಳೆದರೂ ಯಾರಿಗೂ ನೋವಿಲ್ಲ. ಹಾಂ, ಚುಟ್ಟಿ ಇಡುತ್ತಿರುವ ಕಲಾವಿದರ ಮುಖದ ಬಳಿಗೆ ಲೆನ್ಸ್ ಒಯ್ಯುವ ಮುನ್ನ ಕೇಳಿಯೇ ಒಯ್ಯಬೇಕು.

ಪ್ರಶ್ನೆ: ಬೇಕಲ ಕೋಟೆಯಲ್ಲಿ ತೆಗೆದ ಚಿತ್ರಗಳಲ್ಲಿ ವೀಕ್ಷಣಾ ಗೋಪುರ ಹಿಂದಕ್ಕೆ ವಾಲುತ್ತದೆ, ಸಮುದ್ರದ ಅಂಚು ಬಾಗುತ್ತದೆ. ಏನು ಮಾಡಲಿ?
– ಓದುಗರು, ಕಾಞಂಗಾಡ್

ಉತ್ತರ: ವಾಲುವುದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರಿಂದ. ಒಂದೋ ಪೂರ್ತಿ ಮಟ್ಟವಾಗಿ ಹಿಡಿಯಿರಿ, ಇಲ್ಲವೇ ಗೋಡೆಯ ಬುಡದಲ್ಲಿ ಕುಳಿತು ನೋಡುವವರಿಗೆ ಬೇಕೆಂದೇ ಮಾಡಿದ್ದು ಎಂದು ತಿಳಿಯುವಷ್ಟು ಎತ್ತಿ. ನಡುವಿನ ಅರೆಬರೆ ವಾಲುವಿಕೆ ಮಾತ್ರ ಅಜಾಗ್ರತೆಯಂತೆ ಕಾಣುತ್ತದೆ. ಸಮುದ್ರದ ಗೆರೆ ಚಿತ್ರದ ಸರಿಮಧ್ಯದಲ್ಲಿ ಹಾದುಹೋದರೆ ನೇರವಾಗಿಯೇ ಇರುತ್ತದೆ. ಮಧ್ಯಕ್ಕಿಂತ ಮೇಲಿಟ್ಟರೆ ಗುಡ್ಡದಂತೆ ಉಬ್ಬುತ್ತದೆ, ಕೆಳಗಿಟ್ಟರೆ ತಗ್ಗುತ್ತದೆ. ಗೆರೆಗಳನ್ನು ಬಾಗಿಸಿಯೇ ತೋರಿಸುವ ಅತಿ ವಿಶಾಲ ನೋಟದ ಫಿಶ್ಐ ಲೆನ್ಸಿನಲ್ಲಿ ಇದು ಎದ್ದುಕಾಣುತ್ತದೆ. ಕೆಳದಿ ನಾಯಕರ ಕಾಲದ ಆ ಕೆಂಪುಕಲ್ಲಿನ ಕೊತ್ತಳಗಳು ಮೊದಲೇ ಬಾಗಿರುವುದರಿಂದ ಉಬ್ಬಿದ ಕಡಲು ಅವುಗಳ ಪಕ್ಕದಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೆ ಮಧೂರಿನ ಗಜಪೃಷ್ಠ (ಆನೆಯ ಹಿಂಭಾಗದಂತೆ ಬಾಗಿದ ಆಕಾರದ) ದೇವಾಲಯದಲ್ಲಿ ಈ ಆಟ ಬೇಡ. ಅಲ್ಲಿ ಮಾಡಿನ ಬಾಗು ಶಿಲ್ಪಿಯದೋ ಲೆನ್ಸಿನದೋ ಎಂದು ನೋಡುವವರಿಗೆ ತಿಳಿಯುವುದಿಲ್ಲ; ಆದಷ್ಟು ಹಿಂದೆ ಸರಿದು, ಕಡಿಮೆ ಅಗಲದ ನೋಟವಿರುವ ಲೆನ್ಸಿನಲ್ಲಿ ತೆಗೆಯಿರಿ.